ಆಪತ್ತಿನ ದನಿಗೂ ಒಂದು ಗಡುವು

ಬ್ಯಾಟರಿ ಎಂದರೆ ನಮ್ಮ ಹಳ್ಳಿಗಳಲ್ಲಿ ಟಾರ್ಚು ಎಂದೇ ಅರ್ಥ. ಬೆಳಕು ಮಂಕಾದಾಗ ಒಳಗಿನ ಸೆಲ್ಲುಗಳನ್ನು ತೆಗೆದು ಅಂಗಳದ ಬಿಸಿಲಿಗಿಟ್ಟು, ಮತ್ತೆರಡು ರಾತ್ರಿ ದುಡಿಸಿಕೊಳ್ಳುವ ಮಿತವ್ಯಯವನ್ನು ನನ್ನ ತಲೆಮಾರಿನವರೆಲ್ಲ ಬಲ್ಲರು. ಆ ಮಿತವ್ಯಯ ಎಳ್ಳಷ್ಟೂ ಸಲ್ಲದ ಒಂದು ಸಾಧನವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಪರ್ಸನಲ್ ಲೊಕೇಟರ್ ಬೀಕನ್ ಎಂದು ಅದರ ಹೆಸರು. ಬೀಕನ್ ಎಂದರೆ ಮೂಲತಃ ಗುಡ್ಡದ ನೆತ್ತಿಯ ಮೇಲೆ ಹೊತ್ತಿಸುತ್ತಿದ್ದ ಎಚ್ಚರಿಕೆಯ ಬೆಂಕಿ. ಇಲ್ಲಿ ಬೆಂಕಿಯ ಸ್ಥಾನದಲ್ಲಿ ರೇಡಿಯೋ ಅಲೆಯಿದೆ. ಕನ್ನಡದಲ್ಲಿ ಆಪತ್ಸೂಚಕ ಎಂದರೆ ಒಪ್ಪೀತು.

ನನ್ನ ಮಗಳ ಸಂಸಾರ ನ್ಯೂಜಿಲೆಂಡಿನಲ್ಲಿದೆ. ದಕ್ಷಿಣ ದ್ವೀಪದ ಪರ್ವತಗಳಲ್ಲಿ ದಿನಗಟ್ಟಲೆ ನಡೆಯುವುದು ಅಲ್ಲಿಯ ಜನಕ್ಕೆ ಒಂದು ವ್ರತವಿದ್ದಂತೆ. ನನ್ನ ಅಳಿಯನಿಗೂ ಮೊಮ್ಮಗನಿಗೂ ಅದು ಅಂಟಿಕೊಂಡಿದೆ. ಆ ಕಣಿವೆಗಳಲ್ಲಿ ಮೊಬೈಲ್ ಮೂಕ. ಕಾಲು ಮುರಿದರೆ, ಹೊಳೆ ಉಕ್ಕಿ ದಾರಿ ಕಡಿದರೆ, ಕೂಗಿಗೆ ಓಗೊಡುವವರು ಯಾರು? ಆಗ ಅಂಗೈಯಗಲದ ಈ ಸಾಧನದ ಕಡ್ಡಿಯನ್ನು ಮೇಲೆತ್ತಿ ಗುಂಡಿಯನ್ನೊತ್ತಬೇಕು. 406 ಮೆಗಾಹರ್ಟ್ಸ್ ತರಂಗದಲ್ಲಿ ಹೊರಟ ಸಂದೇಶ ಉಪಗ್ರಹವನ್ನು ಸೇರಿ, ಅಲ್ಲಿಂದ ಭೂಮಿಯ ಕೇಂದ್ರಕ್ಕಿಳಿದು, ರಕ್ಷಕರನ್ನು ಎಬ್ಬಿಸುತ್ತದೆ. ಕೋಸ್ಪಾಸ್-ಸಾರ್ಸ್ಯಾಟ್ ಎಂಬ ಈ ವ್ಯವಸ್ಥೆಯನ್ನು ಕಟ್ಟಿದವರು ಅಮೆರಿಕ, ಕೆನಡ, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟದವರು. ಅದೂ ಶೀತಲ ಸಮರದ ನಡುವೆ! 1982ರ ಜೂನ್ ಕೊನೆಯಲ್ಲಿ ಸೋವಿಯತ್ ಉಪಗ್ರಹ ಮೇಲೇರಿತು; ಸೆಪ್ಟೆಂಬರಿನಲ್ಲಿ ಕೆನಡದ ಕಾಡಿನಲ್ಲಿ ವಿಮಾನ ಬಿದ್ದು ಸಿಕ್ಕಿಕೊಂಡಿದ್ದ ಮೂವರನ್ನು ಅದು ಪತ್ತೆ ಮಾಡಿಕೊಟ್ಟಿತು. ಈ ಜಾಲದಲ್ಲಿ ಭಾರತದ ನಿಯಂತ್ರಣ ಕೇಂದ್ರವಿರುವುದು ನಮ್ಮ ಬೆಂಗಳೂರಿನ ಇಸ್ಟ್ರಾಕ್ ಸಂಸ್ಥೆಯಲ್ಲಿ.

ಇರಲಿ, ಬ್ಯಾಟರಿಗೆ ಬರೋಣ. ಅಳಿಯನಿಗೆ ಸ್ನೇಹಿತರೊಬ್ಬರು ತಮ್ಮ ಹಳೆಯ ಬೀಕನ್ನನ್ನು ಕೊಟ್ಟರು. ಪರೀಕ್ಷೆಯ ಗುಂಡಿ ಒತ್ತಿದರೆ ಹಸಿರು ದೀಪ ಮಿನುಗಿತು. ಬೆನ್ನ ಮೇಲೆ ಅಚ್ಚಾಗಿದ್ದ ಬ್ಯಾಟರಿಯ ಗಡುವು ಮಾತ್ರ ಎರಡು ವರ್ಷದ ಹಿಂದೆಯೇ ತೀರಿತ್ತು. “ದೀಪ ಹತ್ತುತ್ತದಲ್ಲ ಮಾವ, ಸಾಲದೆ?” ಎಂದು ಅವರು ದೂರವಾಣಿಯಲ್ಲಿ ಕೇಳಿದರು. ಸಾಲದು ಎಂದೆ. ಏಕೆ ಸಾಲದೆಂಬುದೇ ಈ ವಿಷಯದ ತಿರುಳು.

ಇದರೊಳಗಿರುವುದು ಮರಳಿ ತುಂಬಲಾಗದ ಲಿಥಿಯಂ ಬ್ಯಾಟರಿ. ಸಾಧನ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಕಾಲ, 5 ವಾಟ್ ಶಕ್ತಿಯಿಂದ ಕೂಗುತ್ತದೆ. ಉಳಿದ ವೇಳೆ, ಹತ್ತಿರ ಬಂದ ರಕ್ಷಕರಿಗೆ ದಿಕ್ಕು ತೋರಿಸಲು 121.5 ಮೆಗಾಹರ್ಟ್ಸಿನಲ್ಲಿ ಮೆಲ್ಲನೆ ನರಳುತ್ತಿರುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ಬ್ಯಾಟರಿಯಿಂದ ಹರಿಯಬೇಕಾದ ವಿದ್ಯುತ್ತು ಬಹಳ. ವಯಸ್ಸಾದ ಸೆಲ್ಲಿನ ಆಂತರಿಕ ಪ್ರತಿರೋಧ ಹೆಚ್ಚಿರುತ್ತದೆ. ಚಳಿಯಲ್ಲಿ ಇನ್ನಷ್ಟು ಹೆಚ್ಚುತ್ತದೆ. ಸುಮ್ಮನಿದ್ದಾಗ ಸರಿಯಾದ ವೋಲ್ಟೇಜು ತೋರುವ ಸೆಲ್ಲು ಕೂಗುವ ಗಳಿಗೆಯಲ್ಲಿ ಕುಸಿಯಬಹುದು. ಕುರ್ಚಿಯಲ್ಲಿ ಕುಳಿತ ಮುದುಕ ಆರೋಗ್ಯವಾಗಿಯೇ ಕಾಣುತ್ತಾನೆ. ಮೆಟ್ಟಿಲು ಹತ್ತಿಸಿದಾಗ ತಾನೆ ಎದೆಯ ಬಲ ತಿಳಿಯುವುದು? ಬೆಚ್ಚನೆಯ ಮನೆಯೊಳಗೆ ಕ್ಷಣಕಾಲ ಮಿನುಗಿದ ಹಸಿರು ದೀಪ ಹಿಮದ ರಾತ್ರಿಗೆ ಸಾಕ್ಷಿಯಾಗಲಾರದು.

ಅಚ್ಚಾದ ದಿನಾಂಕಕ್ಕೂ ಒಂದು ಲೆಕ್ಕಾಚಾರವಿದೆ. ಸಾಮಾನ್ಯವಾಗಿ 5ರಿಂದ 7 ವರ್ಷ ಎಂದು ನಮೂದಿಸಿರುತ್ತಾರೆ. ಅಷ್ಟು ಕಾಲ ತಾನಾಗಿ ಸೋರಿಹೋಗುವ ಶಕ್ತಿ, ಪರೀಕ್ಷೆಗಳಿಗೆ ಖರ್ಚಾಗುವ ಶಕ್ತಿ ಇವೆರಡನ್ನೂ ಕಳೆದ ಮೇಲೆ, ಗಡುವಿನ ಕೊನೆಯ ದಿನವೂ ಆ ಸಾಧನ ತನಗೆ ಗೊತ್ತುಪಡಿಸಿದ ಅತಿ ಕಡಿಮೆ ಉಷ್ಣತೆಯಲ್ಲಿ, ಹಲವಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 24 ಗಂಟೆ ಕೂಗುತ್ತಿರಬೇಕು. ಗಡುವು ಮೀರಿದ ಬೀಕನ್ ಸತ್ತಿತೆಂದಲ್ಲ. ಬೇರೆ ದಾರಿಯಿಲ್ಲದಾಗ ಅದನ್ನೇ ಒತ್ತಬೇಕು. ಆದರೆ 24 ಗಂಟೆಯ ಭರವಸೆ ತೀರಿಹೋಗಿರುತ್ತದೆ. ಮೋಡ ಕವಿದು ಹೆಲಿಕಾಪ್ಟರು ಇಳಿಯಲಾಗದ ಕಡೆ ಕೊನೆಯ ಆರು ಗಂಟೆಗಳಿಗೆ ಏನು ಬೆಲೆಯೆಂದು ನಾನು ಹೇಳಬೇಕಾಗಿಲ್ಲ.

ಪರೀಕ್ಷೆಯೆಂಬುದೂ ಬ್ಯಾಟರಿಯನ್ನು ತಿನ್ನುತ್ತದೆ. ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡವೆನ್ನುವ ಕೈಪಿಡಿಗಳುಂಟು. ಉಪಗ್ರಹಗಳಿಂದ ಸ್ಥಳ ಹುಡುಕುವ ಪರೀಕ್ಷೆಗಂತೂ ಎಣಿಕೆಯಿಟ್ಟಿರುತ್ತಾರೆ. ಮಕ್ಕಳ ಕೈಗೆ ಆಟಕ್ಕೆ ಕೊಡುವ ವಸ್ತುವಲ್ಲ. ನಿಜವಾಗಿ ಒಮ್ಮೆ ಚಾಲೂ ಆಯಿತೆಂದರೆ, ಗಡುವು ದೂರವಿದ್ದರೂ ಬ್ಯಾಟರಿ ಬದಲಾಯಿಸಬೇಕು. ಬಿಸಿಲಿಗೆ ಕಾದ ಕಾರಿನೊಳಗೆ ಇಡಬಾರದು. ನಮ್ಮ ಅಂಗಳದ ಬಿಸಿಲಿನ ವೈದ್ಯವನ್ನು ಲಿಥಿಯಂ ಸೆಲ್ಲಿಗೆ ಮಾಡಹೋದರೆ ಸಿಡಿದೀತು.

ಬದಲಾಯಿಸುವುದು ಮನೆಯ ಕೆಲಸವೂ ಅಲ್ಲ. ಕವಚ ಬಿಚ್ಚಿದರೆ ನೀರು ನುಗ್ಗದಂತೆ ತಡೆಯುವ ರಬ್ಬರಿನ ಉಂಗುರವನ್ನು ಹೊಸದಾಗಿ ಕೂಡಿಸಬೇಕು, ನೀರು ಸೋರದೆಂದು ಪರೀಕ್ಷಿಸಬೇಕು, ಸಂದೇಶ ಸರಿಯಾಗಿ ಹೊರಡುವುದೇ ಎಂದು ಉಪಕರಣಗಳಿಂದ ನೋಡಬೇಕು. ತಯಾರಕರು ಒಪ್ಪಿದ ದುರಸ್ತಿಗಾರರೇ ಇದನ್ನು ಮಾಡತಕ್ಕದ್ದು. ಇದರ ವೆಚ್ಚ ಕೆಲವೊಮ್ಮೆ ಹೊಸ ಬೀಕನ್ನಿನ ಬೆಲೆಗೇ ಸಮೀಪಿಸುವುದರಿಂದ ಅಳಿಯ ಹೊಸದನ್ನೇ ಕೊಂಡರು. ಮಗಳು ಅಂದು ರಾತ್ರಿ ನಿಶ್ಚಿಂತೆಯಿಂದ ಮಲಗಿದಳಂತೆ.

ಹೊಸದನ್ನು ಕೊಂಡ ಕೂಡಲೆ ರಕ್ಷಣಾ ಕೇಂದ್ರದಲ್ಲಿ ನೋಂದಾಯಿಸಬೇಕು; ನ್ಯೂಜಿಲೆಂಡಿನಲ್ಲಿ ಅದಕ್ಕೆ ಶುಲ್ಕವಿಲ್ಲ. ಕೂಗು ಕೇಳಿಬಂದಾಗ ಅಧಿಕಾರಿಗಳು ಮೊದಲು ಮನೆಯವರಿಗೆ ದೂರವಾಣಿ ಮಾಡುವುದು ಆ ನೋಂದಣಿಯ ಬಲದಿಂದಲೇ. ಹಳೆಯದನ್ನು ಕಸದ ತೊಟ್ಟಿಗೆ ಎಸೆದವರುಂಟು. ಅದು ಕಸದ ಗುಡ್ಡೆಯಲ್ಲಿ ಒತ್ತಿಸಿಕೊಂಡು ಕೂಗತೊಡಗಿ, ರಕ್ಷಕರು ತಿಪ್ಪೆ ಕೆದಕಿದ್ದೂ ಉಂಟು. ಅದನ್ನು ಬಲ್ಲವರಿಗೆ ಒಪ್ಪಿಸಿ, ಬ್ಯಾಟರಿಯ ಸಂಬಂಧ ಕಡಿಸಿ, ಆಮೇಲೆ ನೋಂದಣಿಯ ಪುಸ್ತಕದಿಂದ ಅದರ ಹೆಸರನ್ನು ತೆಗೆಸಬೇಕು.