ಚುಕ್ಕಾಣಿಗೊಂದು ಹದ

ಚುಕ್ಕಾಣಿಯನ್ನು ತಾನೇ ತಿರುಗಿಸುವ ದೋಣಿಯ ಆಟೋಪೈಲಟ್ ಅಂದರೆ ಸಮುದ್ರದವರ ಮಾತು, ತುಂಗಭದ್ರೆಯ ದಂಡೆಯವರಿಗೆ ಅದರ ಗೊಡವೆ ಯಾಕೆ ಎಂದು ಹೊಸಪೇಟೆಯ ಗೆಳೆಯರು ಕೇಳುತ್ತಾರೆ. ನನಗೆ ಅದು ದಿನನಿತ್ಯದ ಮಾತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಕುಲುಮೆಯ ಬಿಸಿಯನ್ನು ಹಿಡಿತದಲ್ಲಿಡುವ ಕಂಟ್ರೋಲರ್‌ಗಳನ್ನು ಟ್ಯೂನ್ ಮಾಡುವುದು ನನ್ನ ಕಸುಬು. ಅವುಗಳೊಳಗಿರುವ ಪಿಐಡಿ ಎಂಬ ಲೆಕ್ಕಾಚಾರಕ್ಕೆ ಗಣಿತದ ರೂಪ ಸಿಕ್ಕಿದ್ದು ಹಡಗಿನ ಚುಕ್ಕಾಣಿಯಿಂದ.

ರಷ್ಯಾದಿಂದ ಅಮೆರಿಕಕ್ಕೆ ಹೋದ ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಅದನ್ನು ಪ್ರಕಟಿಸಿದರು. ನುರಿತ ಚುಕ್ಕಾಣಿಗಾರರು ಹಡಗು ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ನೋಡುವುದಿಲ್ಲ. ಎಷ್ಟು ವೇಗವಾಗಿ ತಿರುಗುತ್ತಿದೆ, ಎಷ್ಟು ಹೊತ್ತಿನಿಂದ ಒಂದೇ ಕಡೆ ವಾಲುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅವರ ಈ ಕಣ್ಣಂದಾಜನ್ನೇ ಮಿನೋರ್ಸ್ಕಿ ಸಮೀಕರಣಕ್ಕೆ ಇಳಿಸಿದರು. ‘ನ್ಯೂ ಮೆಕ್ಸಿಕೊ’ ಎಂಬ ಯುದ್ಧನೌಕೆಯಲ್ಲಿ ಅದರ ಪ್ರಯೋಗವೂ ನಡೆಯಿತು.

ಇದೇ ಲೆಕ್ಕವನ್ನು ಹಂಪಿಯ ಬಳಿ ತಳವಾರಘಟ್ಟದಲ್ಲಿ ಹರಿಗೋಲಿನ ಅಣ್ಣನೊಬ್ಬ ನನಗೆ ತೋಳಿನಲ್ಲೇ ತೋರಿಸಿದ. ಬುಟ್ಟಿಯಂಥ ದೋಣಿ, ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಚುಕ್ಕಾಣಿಯೂ ಇಲ್ಲ. ಒಂದೇ ಹುಟ್ಟು. ಹುಟ್ಟನ್ನು ನೀರಿಗಿಳಿಸಿ ಎದೆಯ ಕಡೆಗೆ ಎಳೆದ. ಹರಿಗೋಲು ಎಡಕ್ಕೆ ಹೊರಳಲು ಶುರುವಿಟ್ಟಿತ್ತಷ್ಟೇ, ನನ್ನ ಕಣ್ಣಿಗೆ ಅದು ಬೀಳುವ ಮೊದಲೇ ಅವನ ಮಣಿಕಟ್ಟು ಮಗ್ಗುಲಾಗಿ ಹುಟ್ಟು ಅಡ್ಡ ನಿಂತಿತ್ತು. “ತಿರುಗಿದ ಮ್ಯಾಲ ತಡದ್ರ ತಡ ಆತ್ರಿ ಸರ. ತಿರುಗಾಕ ಹತ್ತಿದಾಗ್ಲೇ ಹಿಡೀಬೇಕು” ಎಂದ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಈ ದೋಣಿಗಳು ನೇರ ಹೋಗಲಾರವು, ಸುತ್ತುತ್ತಲೇ ಇರುತ್ತವೆ ಎಂದು ಬರೆದಿದ್ದಾನೆ. ಪಳಗಿದ ಕೈಯಲ್ಲಿ ನೇರ ಹೋಗುತ್ತವೆ. ನಾನು ಕೂತು ನೋಡಿದ್ದೇನೆ.

ಆಟೋಪೈಲಟ್‌ಗೆ ಕಲಿಸಬೇಕಾದದ್ದೂ ಇದೇ ಹಿಡಿತ. ಮೊದಲು ದಿಕ್ಸೂಚಿ ಸರಿಯಿರಬೇಕು. ಕಬ್ಬಿಣ, ಸ್ಪೀಕರ್, ದಪ್ಪ ಕರೆಂಟು ತಂತಿ ಹತ್ತಿರವಿದ್ದರೆ ಅದು ಸುಳ್ಳು ಹೇಳುತ್ತದೆ, ಆಮೇಲೆ ಯಾವ ಹೊಂದಾಣಿಕೆಯೂ ಫಲಿಸದು. ಅಲೆಯಿಲ್ಲದ ನೀರಿನಲ್ಲಿ ನಿಧಾನವಾಗಿ ಸುತ್ತು ಹಾಕಿ ಅದನ್ನು ತಿದ್ದಿಕೊಳ್ಳಬೇಕು. ನಂತರ ಎಂದಿನ ವೇಗದಲ್ಲಿ ಹೊರಟು, ದಿಕ್ಕನ್ನು 90 ಡಿಗ್ರಿ ಬದಲಿಸಿ, ಹಿಂದೆ ನೀರಿನ ಮೇಲೆ ಬೀಳುವ ಗೆರೆಯನ್ನು ನೋಡಬೇಕು. ಗೆರೆ ಹಾವಿನಂತೆ ಹೊರಳುತ್ತಿದ್ದರೆ ಚುಕ್ಕಾಣಿ ಅತಿಯಾಗಿ ತಿರುಗುತ್ತಿದೆ ಎಂದರ್ಥ, ಗೇನ್ ಇಳಿಸಬೇಕು, ಅಂದರೆ ದಾರಿ ತಪ್ಪಿದ್ದಕ್ಕೆ ಚುಕ್ಕಾಣಿ ತಿರುಗುವ ಪ್ರಮಾಣವನ್ನು ತಗ್ಗಿಸಬೇಕು. ದೋಣಿ ಹೊಸ ದಿಕ್ಕಿಗೆ ಬರಲು ಮೀನಮೇಷ ಎಣಿಸಿದರೆ ಗೇನ್ ಏರಿಸಬೇಕು. ಚುರುಕಾಗಿ ಬಂದು ಗುರಿ ದಾಟಿ ಆಚೆ ಹೋಗುತ್ತಿದ್ದರೆ ಕೌಂಟರ್ ರಡ್ಡರ್ ಹೆಚ್ಚಿಸಬೇಕು. ಹರಿಗೋಲಿನ ಅಣ್ಣ ಹುಟ್ಟನ್ನು ಅಡ್ಡ ಹಿಡಿದದ್ದು ಅದೇ. ಗಾಳಿ ಒಂದೇ ಕಡೆಯಿಂದ ಒತ್ತುತ್ತಿದ್ದರೆ ಟ್ರಿಮ್ ಅದನ್ನು ಮೆಲ್ಲಗೆ ಸರಿದೂಗಿಸುತ್ತದೆ. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಕುಲುಮೆಯಲ್ಲೂ ನಾನು ಹಾಗೇ ಮಾಡುವುದು.

ಅಲೆ ಎದ್ದಾಗ ಇದೇ ಹೊಂದಾಣಿಕೆ ನಡೆಯುವುದಿಲ್ಲ. ಪ್ರತಿ ಅಲೆಗೂ ಚುಕ್ಕಾಣಿ ಆಡಿಸುತ್ತ ಕೂತರೆ ಬ್ಯಾಟರಿ ಖಾಲಿ, ಚುಕ್ಕಾಣಿ ತಿರುಗಿಸುವ ಪಂಪು ಸವೆತ. ಸಣ್ಣ ಓಲಾಟವನ್ನು ಅದರ ಪಾಡಿಗೆ ಬಿಡುವಂತೆ ಯಂತ್ರಕ್ಕೆ ಹೇಳಬೇಕು. ಬೆನ್ನ ಹಿಂದಿನಿಂದ ದೊಡ್ಡ ಅಲೆ ಬಂದರಂತೂ ಮನುಷ್ಯನ ಕೈಯೇ ಮೇಲು. ಕಂಪ್ಲಿ ಸೇತುವೆ ಮುಳುಗುವಷ್ಟು ನೀರನ್ನು ಜಲಾಶಯದಿಂದ ಬಿಟ್ಟಾಗ ನಮ್ಮಲ್ಲಿ ಹರಿಗೋಲು ದಂಡೆಯಲ್ಲೇ ಬೋರಲು ಬೀಳುತ್ತದೆ; ಎಂಥ ಪಳಗಿದ ಕೈಯಾದರೂ ಅಂದು ಹುಟ್ಟು ಮುಟ್ಟುವುದಿಲ್ಲ.

ನನಗೊಂದು ಆಸೆಯಿದೆ. ಮಿನೋರ್ಸ್ಕಿ ಚುಕ್ಕಾಣಿಗಾರರನ್ನು ನೋಡಿದ ಹಾಗೆ ನಮ್ಮ ಹರಿಗೋಲಿನವರನ್ನೂ ಯಾರಾದರೂ ನೋಡಬೇಕು. ಹೊಸಪೇಟೆಯಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ದುಬಾರಿ ಸಲಕರಣೆ ಬೇಡ. ಹಲವು ಮೊಬೈಲ್ ಫೋನುಗಳಲ್ಲೇ ತಿರುಗುವ ವೇಗ ಅಳೆಯುವ ಜೈರೋಸ್ಕೋಪ್ ಇರುತ್ತದೆ. ಅಂಥ ಫೋನೊಂದನ್ನು ಹರಿಗೋಲಿನ ತಳಕ್ಕೆ ಕಟ್ಟಿ, ಇನ್ನೊಂದು ಫೋನಿನಲ್ಲಿ ಹುಟ್ಟಿನ ಚಲನೆಯ ವಿಡಿಯೊ ತೆಗೆದು, ಎರಡನ್ನೂ ಜೋಡಿಸಿ ನೋಡಿದರೆ ಆ ಮಣಿಕಟ್ಟು ಎಷ್ಟು ಮುಂಚೆ ತಿರುಗಿತು ಎಂಬುದು ಅಂಕಿಯಲ್ಲೇ ಸಿಗುತ್ತದೆ. ಬರುವ ಬೇಸಿಗೆಯಲ್ಲಿ, ಹೊಳೆ ಇಳಿದಿರುವಾಗ, ವಿದ್ಯಾರ್ಥಿಗಳು ಯಾರಾದರೂ ಮುಂದೆ ಬಂದರೆ ತಳವಾರಘಟ್ಟಕ್ಕೆ ಕರೆದೊಯ್ಯಲು ನಾನು ತಯಾರು.