ಎರೆಸೀಮೆಯ ಅರಳೆ, ದಾವಣಗೆರೆಯ ಗಿರಣಿ

‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾದ ದಾವಣಗೆರೆಯ ಏಳಿಗೆಯನ್ನು ಅಲ್ಲಿನ ಗಿರಣಿಗಳಿಂದಷ್ಟೇ ಅಳೆದರೆ, ಹರಪನಹಳ್ಳಿಯಂಥ ಸುತ್ತಲಿನ ಹತ್ತಿ ಸೀಮೆಯ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಉತ್ತರ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿ ಬೆಳೆಯದ ನೆಲದಲ್ಲಿ, ಹತ್ತಿರದ ಕಲ್ಲಿದ್ದಲು, ನೂಲಿಗೆ ಒಗ್ಗುವ ತೇವದ ಹವೆ ಮತ್ತು ಲಿವರ್‌ಪೂಲ್ ಬಂದರಿನ ಬಲದಿಂದ ಬೆಳೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಅಲ್ಲಿಂದ ಬರುತ್ತಿದ್ದ ಅರಳೆ ನಿಂತಾಗ, ಮ್ಯಾಂಚೆಸ್ಟರಿನ ಕಣ್ಣು ಭಾರತದ ಎರೆಹೊಲಗಳ ಮೇಲೆ ಬಿತ್ತು. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಸೀಮೆಯ ಹತ್ತಿಗೆ ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂಬ ಹೆಸರಿಟ್ಟಿದ್ದರು.

ದಾವಣಗೆರೆ ಮೊದಲು ಬೆಳೆದದ್ದು ಪೇಟೆಯಾಗಿ. ಹೈದರಾಲಿಯಿಂದ ಈ ಊರನ್ನು ಜಹಗೀರಾಗಿ, ಅಂದರೆ ಕಂದಾಯದ ಹಕ್ಕಿನೊಡನೆ, ಪಡೆದ ಮರಾಠಾ ಸರದಾರ ಅಪ್ಪೋಜಿರಾಮ ವರ್ತಕರನ್ನು ಕರೆತಂದು ನೆಲೆಗೊಳಿಸಿದ. 1870ರಲ್ಲಿ ಪುರಸಭೆ ಬಂತು. ಆ ಶತಮಾನದ ಕೊನೆಗೆ ಬೆಂಗಳೂರು–ಪುಣೆ ರೈಲು ಮಾರ್ಗ ಊರನ್ನು ಹಾದುಹೋದ ಮೇಲೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳೂ ಅರಳೆಯನ್ನು ಅಂಡಿಗೆಯಾಗಿ ಒತ್ತುವ ಪ್ರೆಸ್ಸುಗಳೂ ನೆಲೆಯೂರಲು ಅನುಕೂಲವಾಯಿತು. 1905ರಲ್ಲಿ ಹೊಸಪೇಟೆಯಿಂದ ಬಳ್ಳಾರಿ ಸೀಮೆಯ ಕೊಟ್ಟೂರಿಗೂ ರೈಲು ಬಂತಾದರೂ ಆ ಮಾರ್ಗ ಬಹುಕಾಲ ಅಲ್ಲಿಗೇ ನಿಂತಿತ್ತು. ಮದ್ರಾಸ್ ಪ್ರಾಂತ್ಯದ ಕೊಟ್ಟೂರಿಗೂ ಮೈಸೂರಿನ ದಾವಣಗೆರೆಗೂ ನಡುವಿನ ಆಡಳಿತದ ಗಡಿ ಅಳಿದದ್ದು 1953ರಲ್ಲಿ.

1930ರ ದಶಕದಲ್ಲಿ ರಾಜನಹಳ್ಳಿ ಹನುಮಂತಪ್ಪನವರು ದಾವಣಗೆರೆ ಕಾಟನ್ ಮಿಲ್ ಕಟ್ಟಿದಾಗ ವರ್ತಕರ ಬಂಡವಾಳ ಉದ್ದಿಮೆಗೆ ತಿರುಗಿತು. ಗಿರಣಿಗಳು ಹೆಚ್ಚಿದಂತೆ ಕಾರ್ಮಿಕರ ಸಂಘಟನೆಯೂ ಬಲಗೊಂಡು, ಕಮ್ಯುನಿಸ್ಟ್ ನಾಯಕ ಪಂಪಾಪತಿಯವರು ಇಲ್ಲಿಂದ ಮೂರು ಬಾರಿ ವಿಧಾನಸಭೆಗೆ ಆರಿಸಿಬಂದರು. ಸುತ್ತಲಿನ ಸೀಮೆಯೊಂದಿಗಿನ ನಂಟೂ ಅಳಿಯಲಿಲ್ಲ: ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹೆಸರಿನಲ್ಲಿ ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಊರಿನ ನೆನಪು ಇಂದಿಗೂ ಉಳಿದಿದೆ.

ಮುಂದೆ ಹಳೆಯ ಯಂತ್ರಗಳು, ಕೃತಕ ನೂಲು ಮತ್ತು ವಿದ್ಯುತ್ ಮಗ್ಗಗಳ ಪೈಪೋಟಿಯ ನಡುವೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭದ್ರಾ ನಾಲೆಯ ನೀರು ಹರಿದ ಕಡೆ ಭತ್ತವೂ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೂ ಹಬ್ಬಿದ್ದರಿಂದ ಹತ್ತಿಯ ಸೀಮೆಯ ಚಹರೆಯೇ ಬದಲಾಯಿತು. ಆದರೂ ನಗರ ಸೊರಗಲಿಲ್ಲ. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆಯೂ 1965ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಅದನ್ನು ವಿದ್ಯಾಕೇಂದ್ರವಾಗಿಸಿದವು. ಹಿಂದೆ ಅರಳೆ ಕೊಟ್ಟು ಈಗ ಮೆಕ್ಕೆಜೋಳ ಬೆಳೆಯುವ ತಾಲ್ಲೂಕುಗಳಿಗೆ ಅಂಥ ಎರಡನೆಯ ಆಸರೆ ಬೇಕಿದ್ದರೆ, ಬೆಳೆದದ್ದನ್ನು ಬೆಳೆದಲ್ಲೇ ಸಂಸ್ಕರಿಸುವ ಉದ್ದಿಮೆಗಳು ಹರಪನಹಳ್ಳಿ, ಕೊಟ್ಟೂರುಗಳಲ್ಲಿ ನೆಲೆಯೂರಬೇಕು.