ಕಣ್ಣಾಡಿಸುವ ಓದುಗರಿಗೆ ಬರೆಯುವ ಬಗೆ

ಬೆಳಗಿನ ಪತ್ರಿಕೆಯನ್ನು ಬಿಡಿಸಿ ಕುಳಿತವರೂ ಜಾಲತಾಣವನ್ನು ತೆರೆದವರೂ ಒಬ್ಬರೇ ಆಗಿರಬಹುದು. ಆದರೆ ಅವರ ಓದು ಒಂದೇ ಬಗೆಯದಲ್ಲ. ಪರದೆಯ ಮೇಲೆ ಕಣ್ಣು ತನಗೆ ಬೇಕಾದುದನ್ನು ಅರಸುತ್ತಾ ಜಿಗಿಯುತ್ತದೆ. ಅದು ಸಿಗದಿದ್ದರೆ ಬೆರಳು ಬೇರೆ ಪುಟಕ್ಕೆ ಸರಿಯುತ್ತದೆ. ಅಂತರ್ಜಾಲಕ್ಕೆ ಬರೆಯುವವರು ಮೊದಲು ಅರಿಯಬೇಕಾದ ಸಂಗತಿ ಇದು.

ಇದು ಬರಿಯ ಊಹೆಯಲ್ಲ. ಡೆನ್ಮಾರ್ಕ್ ಮೂಲದ ತಜ್ಞ ಯಾಕೋಬ್ ನೀಲ್ಸನ್ ಅಮೆರಿಕದಲ್ಲಿ ನಡೆಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದವರ ಪೈಕಿ ಶೇ. 79ರಷ್ಟು ಮಂದಿ ಹೊಸ ಪುಟದ ಮೇಲೆ ಸುಮ್ಮನೆ ಕಣ್ಣಾಡಿಸಿದ್ದರು. ಪದಪದವನ್ನೂ ಓದಿದವರು ಶೇ. 16 ಮಾತ್ರ. ಪದಗಳನ್ನು ಅರ್ಧಕ್ಕೆ ಇಳಿಸಿದಾಗ ಬರಹದ ಉಪಯುಕ್ತತೆ ಶೇ. 58ರಷ್ಟು ಹೆಚ್ಚಿತ್ತು. 2006ರಲ್ಲಿ ಅವರ ಸಂಸ್ಥೆ 232 ಮಂದಿಯ ಕಣ್ಣಿನ ಚಲನೆಯನ್ನು ದಾಖಲಿಸಿತು. ನೋಟ ಹೆಚ್ಚಾಗಿ ಇಂಗ್ಲಿಷಿನ ‘ಎಫ್’ ಅಕ್ಷರದಂತೆ ಸಾಗುತ್ತಿತ್ತು: ಮೇಲಿನ ಸಾಲುಗಳ ಮೇಲೆ ಅಡ್ಡಲಾಗಿ ಎರಡು ಬಾರಿ, ಅನಂತರ ಎಡ ಅಂಚಿನಲ್ಲೇ ಕೆಳಕ್ಕೆ.

ಕ್ರಿಯಾಪದದ ತೊಡಕು

ಈ ಪ್ರಯೋಗಗಳು ಇಂಗ್ಲಿಷ್ ಓದುಗರನ್ನು ಕುರಿತವು. ಆ ಭಾಷೆಯಲ್ಲಿ ಕ್ರಿಯಾಪದ ಹೆಚ್ಚಾಗಿ ಕರ್ತೃಪದದ ಬೆನ್ನಲ್ಲೇ ಬರುತ್ತದೆ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಆಯಿತು’, ‘ಆಗಲಿಲ್ಲ’ ಎಂಬ ನಿರ್ಣಯ ತಿಳಿಯಲು ವಾಕ್ಯ ಮುಗಿಯುವವರೆಗೂ ಕಾಯಬೇಕು. ವಾಕ್ಯ ಮೂವತ್ತು ಪದಗಳಷ್ಟು ಬೆಳೆದರೆ ಕಣ್ಣಾಡಿಸುವವರಿಗೆ ಆ ನಿರ್ಣಯವೇ ತಪ್ಪಿಹೋಗಬಹುದು. ಆದ್ದರಿಂದ ಕನ್ನಡದ ಜಾಲಬರಹಕ್ಕೆ ಚಿಕ್ಕ ವಾಕ್ಯ ಅಲಂಕಾರವಲ್ಲ, ಅಗತ್ಯ.

ಮುಖ್ಯ ವಿಷಯವನ್ನು ಮೊದಲು ಹೇಳಿ ವಿವರಗಳನ್ನು ಅನಂತರ ಕೊಡುವ ‘ತಲೆಕೆಳಗಾದ ಪಿರಮಿಡ್’ ಪತ್ರಿಕೋದ್ಯಮದ ಹಳೆಯ ಪಾಠ. ಪರದೆಯ ಮೇಲೆ ಅದರ ಬೆಲೆ ಇನ್ನೂ ಹೆಚ್ಚು. ‘ಕೊಳವೆ ದುರಸ್ತಿ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಗಿರುವ ಹಿನ್ನೆಲೆಯಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ’ ಎಂದು ಆರಂಭವಾಗುವ ಸುದ್ದಿಯನ್ನು ನೋಡಿದವರು ಮುಂದಕ್ಕೆ ಹೋಗಿಬಿಡುತ್ತಾರೆ. ‘ಜಯನಗರದಲ್ಲಿ ಬುಧವಾರ ನೀರು ಬರುವುದಿಲ್ಲ’ ಎಂದಿದ್ದರೆ ಮಂಗಳವಾರ ರಾತ್ರಿಯೇ ಬಿಂದಿಗೆ ತುಂಬಿಸಿಡುತ್ತಾರೆ.

ಒಂಟಿಯಾಗಿ ಓಡಾಡುವ ಶೀರ್ಷಿಕೆ

ಮುದ್ರಿತ ಪುಟದಲ್ಲಿ ಶೀರ್ಷಿಕೆಯ ಪಕ್ಕದಲ್ಲೇ ಸುದ್ದಿ ಇರುತ್ತದೆ. ಮೊಬೈಲಿನಲ್ಲಿ ಶೀರ್ಷಿಕೆ ಒಂದೇ ಊರೂರು ಸುತ್ತುತ್ತದೆ. ಹೀಗಾಗಿ ಅದು ತಾನಾಗಿಯೇ ಅರ್ಥವಾಗಬೇಕು. ‘ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ’ ಎಂಬ ಶೀರ್ಷಿಕೆ ಒಮ್ಮೆ ಓದುಗರನ್ನು ಎಳೆದು ತರಬಹುದು. ಬೆಚ್ಚುವಂಥದ್ದೇನೂ ಸಿಗದಿದ್ದಾಗ ಅವರ ನಂಬಿಕೆ ಹೋಗುತ್ತದೆ. ದಿನಾಂಕವೂ ಎದ್ದು ಕಾಣುವಂತಿರಬೇಕು. ‘ನಾಳೆ ಶಾಲೆಗಳಿಗೆ ರಜೆ’ ಎಂಬ ಕಳೆದ ವರ್ಷದ ಸುದ್ದಿ ಈ ವರ್ಷದ ಮಳೆಯಲ್ಲಿ ಮತ್ತೆ ಹರಿದಾಡಿದರೆ ಪೋಷಕರು ನಂಬಿಬಿಡುತ್ತಾರೆ.

ಹುಡುಕುವವರು ಬಳಸುವ ಪದವೇ ಬರಹದಲ್ಲೂ ಇರಬೇಕು. ‘ಜಲಾಶಯ’ ಎಂದು ಬರೆದರೂ ಒಮ್ಮೆ ‘ಡ್ಯಾಂ’ ಎಂಬ ಮಾತು ಬಂದರೆ ನಷ್ಟವಿಲ್ಲ. ಅಕ್ಷರಗಳೂ ಯೂನಿಕೋಡಿನಲ್ಲೇ ಇರಬೇಕು. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೂ ಅನಂತರ ಬಹಳ ಕಾಲ ಕನ್ನಡದ ತಾಣಗಳು ತಮ್ಮದೇ ಫಾಂಟುಗಳನ್ನು ನೆಚ್ಚಿಕೊಂಡಿದ್ದವು. ಆ ಪುಟಗಳಲ್ಲಿ ಹುಡುಕುಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ಮಾತ್ರ.

ಕತ್ತರಿಗೂ ಮಿತಿಯಿದೆ

ಸಂಕ್ಷೇಪವೇ ಸರ್ವಸ್ವವಲ್ಲ. ಪದ ಉಳಿಸುವ ಭರದಲ್ಲಿ ಅರ್ಥ ಕೆಡಬಾರದು. ನ್ಯಾಯಾಲಯ ಆದೇಶವೊಂದಕ್ಕೆ ‘ತಡೆ’ ನೀಡುವುದು ಬೇರೆ, ಅದನ್ನು ‘ರದ್ದು’ ಮಾಡುವುದು ಬೇರೆ. ‘ಆರೋಪಿ’ ಎಂದರೆ ‘ಅಪರಾಧಿ’ ಅಲ್ಲ. ಕಣ್ಣಾಡಿಸುವವರು ಮೊದಲ ಸಾಲನ್ನಷ್ಟೇ ಓದಿ ಹೋಗುವರೆಂದು ತಿಳಿದಿರುವಾಗ, ಆ ಸಾಲಿನ ತಪ್ಪನ್ನು ಐದನೇ ಪ್ಯಾರಾದಲ್ಲಿ ಸರಿಪಡಿಸಿ ಪ್ರಯೋಜನವಿಲ್ಲ. ಅಷ್ಟರಲ್ಲಿ ಯಾರದೋ ಮಾನ ಹೋಗಿರುತ್ತದೆ. ಆದ್ದರಿಂದ ಓದುಗರ ಅವಸರ ಹೆಚ್ಚಿದಷ್ಟೂ ಬರೆಯುವವರ ಎಚ್ಚರವೂ ಹೆಚ್ಚಬೇಕು.